ಓಝ್ ಮಾಂತ್ರಿಕನ ಕಥೆಯಲ್ಲಿರುವ ವ್ಯಂಗ್ಯ ಯಾರಿಗಾಗಿ?

ಅಂಚಿನ ಟಿಪ್ಪಣಿ (ಪ್ರಶ್ನೆ)

ಕೆಲವು ವಾರಗಳಿಂದ ನನ್ನ ಒಂಬತ್ತು ವರ್ಷದ ಮಗಳಿಗೆ ಎಲ್. ಫ್ರಾಂಕ್ ಬಾಮ್ 1900ರಲ್ಲಿ ಪ್ರಕಟಿಸಿದ ‘ದಿ ವಂಡರ್‌ಫುಲ್ ವಿಝರ್ಡ್ ಆಫ್ ಓಝ್’ ಕಾದಂಬರಿಯನ್ನು ರಾತ್ರಿಗೊಂದು ಅಧ್ಯಾಯದಂತೆ ಓದಿ, ಕನ್ನಡದಲ್ಲಿ ಹೇಳುತ್ತಿದ್ದೇನೆ. ಒಟ್ಟು ಇಪ್ಪತ್ತನಾಲ್ಕು ಅಧ್ಯಾಯಗಳಲ್ಲಿ ಅರ್ಧದಷ್ಟು ಮುಗಿದಿವೆ. ಕಥೆ ಹಲವರಿಗೆ ತಿಳಿದೇ ಇರುತ್ತದೆ. ಸುಂಟರಗಾಳಿಗೆ ಸಿಕ್ಕಿ ಮಾಯಾಲೋಕಕ್ಕೆ ಬಂದುಬಿದ್ದ ಡೊರೊತಿಗೆ ಮನೆಗೆ ಮರಳಬೇಕು. ದಾರಿಯಲ್ಲಿ ಜೊತೆಯಾದ ಬೆದರುಬೊಂಬೆಗೆ ಮಿದುಳು ಬೇಕು, ತಗಡಿನ ಮನುಷ್ಯನಿಗೆ ಹೃದಯ ಬೇಕು, ಪುಕ್ಕಲು ಸಿಂಹಕ್ಕೆ ಧೈರ್ಯ ಬೇಕು. ಇವನ್ನೆಲ್ಲ ಕೊಡಬಲ್ಲವನು ಓಝ್ ಎಂಬ ಮಹಾಮಾಂತ್ರಿಕನೊಬ್ಬನೇ ಎಂದು ನಂಬಿ ನಾಲ್ವರೂ ಹೊರಟಿದ್ದಾರೆ.

ನನ್ನನ್ನು ಈ ಪ್ರಶ್ನೆಗೆ ತಂದು ನಿಲ್ಲಿಸಿದ್ದು ಆರನೆಯ ಅಧ್ಯಾಯದ ಕೊನೆಯಲ್ಲಿ ಬರುವ ಒಂದು ಸಣ್ಣ ಪ್ರಸಂಗ. ತಗಡಿನ ಮನುಷ್ಯ ನಡೆಯುತ್ತಿರುವಾಗ ಗೊತ್ತಿಲ್ಲದೆ ಒಂದು ಜೀರುಂಡೆಯನ್ನು ತುಳಿದುಬಿಡುತ್ತಾನೆ. ಅದು ಸತ್ತದ್ದನ್ನು ಕಂಡು ಅವನಿಗೆ ಎಷ್ಟು ದುಃಖವಾಗುತ್ತದೆಂದರೆ, ಕಣ್ಣೀರು ಕೆನ್ನೆಯ ಮೇಲೆ ಇಳಿದು ದವಡೆಯ ಕೀಲಿಗೆ ತುಕ್ಕು ಹಿಡಿದು ಬಾಯಿ ತೆರೆಯಲಾಗದೆ ನಿಲ್ಲುತ್ತಾನೆ. ಅವನು ಕೈಸನ್ನೆ ಮಾಡಿದರೂ ಡೊರೊತಿಗೆ ಅರ್ಥವಾಗುವುದಿಲ್ಲ, ಸಿಂಹಕ್ಕೂ ಅರ್ಥವಾಗುವುದಿಲ್ಲ. ಆದರೆ ಬೆದರುಬೊಂಬೆ ಕೂಡಲೇ ಡೊರೊತಿಯ ಬುಟ್ಟಿಯಿಂದ ಎಣ್ಣೆಯ ಡಬ್ಬಿಯನ್ನು ತೆಗೆದು ಕೀಲಿಗೆ ಹಾಕುತ್ತಾನೆ. ಆಮೇಲೆ ತಗಡಿನ ಮನುಷ್ಯ ಹೇಳುವುದು ಇದು: ಹೃದಯವುಳ್ಳ ನಿಮಗೆ ದಾರಿ ತೋರಿಸಲು ಒಂದು ಆಸರೆ ಇದೆ, ನನಗೆ ಅದಿಲ್ಲವಾದ್ದರಿಂದ ನಾನು ಹೆಚ್ಚು ಎಚ್ಚರದಿಂದ ಇರಬೇಕು.

ಇಲ್ಲಿಗೆ ಬಂದಾಗ ಮಗಳು ಹಾಸಿಗೆಯಿಂದ ಎದ್ದು ಕುಳಿತು, “ಅಮ್ಮಾ, ಅವನಿಗೆ ಹೃದಯ ಇದೆಯಲ್ಲ! ಅವರಿಗೇ ಗೊತ್ತಿಲ್ಲವಾ?” ಎಂದು ಜೋರಾಗಿ ನಕ್ಕಳು.

ಚಿಕ್ಕ ಮಕ್ಕಳಿಗೆ ವ್ಯಂಗ್ಯ ಅರ್ಥವಾಗುವುದಿಲ್ಲ, ಮಕ್ಕಳ ಪುಸ್ತಕದಲ್ಲಿ ಅದು ಬಂದರೆ ಓದಿ ಹೇಳುವ ದೊಡ್ಡವರ ಬೇಸರ ಕಳೆಯಲೆಂದೇ ಬಂದಿರುತ್ತದೆ ಎಂಬ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ಹಾಗಾದರೆ ಮಗಳು ನಕ್ಕದ್ದು ಯಾವುದಕ್ಕೆ? ಅದನ್ನು ವ್ಯಂಗ್ಯವೆಂದು ಕರೆಯಬಹುದೇ, ವಿಪರ್ಯಾಸವೆನ್ನಬೇಕೇ? ಇನ್ನೊಂದು ಸಂದೇಹವೂ ಇದೆ. ಹಳೆಯ ಅದ್ಭುತ ಕಥೆಗಳಲ್ಲಿದ್ದ ಸಂಕಟಗಳನ್ನೂ ದುಃಸ್ವಪ್ನಗಳನ್ನೂ ಬಿಟ್ಟು, ಬೆರಗು ಮತ್ತು ಸಂತೋಷಗಳನ್ನಷ್ಟೇ ಉಳಿಸಿಕೊಂಡಿದ್ದೇನೆ ಎಂದು ಬಾಮ್ ಮುನ್ನುಡಿಯಲ್ಲಿ ಬರೆದಿದ್ದಾರೆ. ನಿನ್ನೆ ರಾತ್ರಿಯ ಅಧ್ಯಾಯದಲ್ಲಿ ನಲವತ್ತು ತೋಳಗಳ ತಲೆ ಉರುಳಿದವು. ಇದನ್ನೂ ವ್ಯಂಗ್ಯದ ಲೆಕ್ಕಕ್ಕೆ ಸೇರಿಸಬೇಕೇ?

ಹಳೆಯ ಓದುಗ

ಮೊದಲು ಪದದ ವಿಚಾರವನ್ನು ತೆಗೆದುಕೊಳ್ಳೋಣ, ಏಕೆಂದರೆ ನಿಮ್ಮ ಗೊಂದಲದ ಅರ್ಧ ಭಾಗ ಅಲ್ಲಿಯೇ ಇದೆ ಎಂದು ನನಗನಿಸುತ್ತದೆ. ಇಂದಿನ ಮಾತಿನಲ್ಲಿ ವ್ಯಂಗ್ಯವೆಂದರೆ ಕೊಂಕು, ಕಟಕಿ, ಚುಚ್ಚುಮಾತು. ಆಡುವವನಿಗೆ ತಾನು ಹೇಳುತ್ತಿರುವುದು ಒಂದು, ಉದ್ದೇಶಿಸಿರುವುದು ಇನ್ನೊಂದು ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಆದರೆ ನೀವು ಹೇಳಿದ ಪ್ರಸಂಗದಲ್ಲಿ ಕೊಂಕು ಆಡುವವರು ಯಾರೂ ಇಲ್ಲ. ತಗಡಿನ ಮನುಷ್ಯ ತನಗೆ ಹೃದಯವಿಲ್ಲವೆಂದು ಮನಸಾರೆ ನಂಬಿಯೇ ಮಾತನಾಡುತ್ತಾನೆ. ಇಂದಿನ ಅರ್ಥದ ವ್ಯಂಗ್ಯ ಇಲ್ಲಿಗೆ ಒಪ್ಪುವುದಿಲ್ಲ. ಹಳೆಯ ಅರ್ಥ ಒಪ್ಪುತ್ತದೆ. ಒಂಬತ್ತನೆಯ ಶತಮಾನದ ಆನಂದವರ್ಧನನ ‘ಧ್ವನ್ಯಾಲೋಕ’ದಲ್ಲಿ ವ್ಯಂಗ್ಯವೆಂದರೆ ಚುಚ್ಚುಮಾತಲ್ಲ, ಬಾಯಿಬಿಟ್ಟು ಹೇಳದೆ ಸೂಚಿತವಾಗುವ ಅರ್ಥ. ಇಲ್ಲಿ ವಾಚ್ಯ, ಅಂದರೆ ಬಾಯಿಬಿಟ್ಟು ಹೇಳಿದ್ದು, ‘ನನಗೆ ಹೃದಯವಿಲ್ಲ’ ಎಂಬ ಮಾತು. ಹೊಳೆಯುವುದು ಅದರ ತದ್ವಿರುದ್ಧವಾದದ್ದು. ನಿಮ್ಮ ಮಗಳಿಗೆ ಹೊಳೆದದ್ದು ಅದೇ. ಪಾತ್ರಕ್ಕೆ ತಿಳಿಯದ್ದು ಓದುಗರಿಗೆ ತಿಳಿದಿರುವ ಇಂಥ ಸನ್ನಿವೇಶವನ್ನು ನಾಟಕದ ವಿಮರ್ಶೆಯಲ್ಲಿ ‘ನಾಟಕೀಯ ವ್ಯಂಗ್ಯ’ ಎನ್ನುತ್ತಾರೆ. ‘ವಿಪರ್ಯಾಸ’ ಎಂಬ ಪದವನ್ನು ನಾನಾದರೆ ಎಣಿಸಿದ್ದಕ್ಕೆ ವಿರುದ್ಧವಾಗಿ ನಡೆಯುವ ಘಟನೆಗಳಿಗೆ ಮೀಸಲಿಡುತ್ತೇನೆ.

ಇನ್ನು ಇದು ಯಾರಿಗಾಗಿ ಎಂಬ ಪ್ರಶ್ನೆ. ಈ ಪುಸ್ತಕದ ಮುಖ್ಯ ವ್ಯಂಗ್ಯ ಇರುವುದು ಮಗುವಿಗಾಗಿಯೇ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಬಾಮ್ ಅದನ್ನು ಕಟ್ಟಿರುವ ರೀತಿಯನ್ನು ನೋಡಿ. ಹಾದಿಗೆ ಅಡ್ಡವಾಗಿ ಒಂದು ದೊಡ್ಡ ಕಂದರ ಬರುತ್ತದೆ. ಇಷ್ಟು ಅಗಲವನ್ನು ಸಿಂಹವೂ ಹಾರಲಾರದು, ಮುಂದೇನು ಮಾಡುವುದೆಂದು ಎಲ್ಲರೂ ಯೋಚಿಸುತ್ತ ಕುಳಿತಾಗ, ಪಕ್ಕದ ಮರವನ್ನು ಆಚೆ ದಡಕ್ಕೆ ಬೀಳುವಂತೆ ಕಡಿದರೆ ಸೇತುವೆಯಾಗುತ್ತದಲ್ಲ ಎನ್ನುವವನು ಬೆದರುಬೊಂಬೆ. ನಿನ್ನ ತಲೆಯಲ್ಲಿರುವುದು ಹುಲ್ಲಲ್ಲ, ಮಿದುಳೇ ಇರಬೇಕು ಎಂಬ ಅನುಮಾನ ಬರುವಂತಿದೆಯಲ್ಲ ಎಂದು ಸಿಂಹ ಮೆಚ್ಚುತ್ತದೆ. ಉತ್ತರ ನಾಲಗೆಯ ತುದಿಯವರೆಗೆ ಬಂದಿದೆ, ಆದರೂ ಅನುಮಾನವಾಗಿಯೇ ಉಳಿದುಬಿಡುತ್ತದೆ. ಮರದ ಮೇಲೆ ದಾಟುತ್ತಿರುವಾಗ ಕರಡಿಯ ಮೈ, ಹುಲಿಯ ತಲೆಯುಳ್ಳ ಎರಡು ಮೃಗಗಳು ಬೆನ್ನಟ್ಟಿ ಬರುತ್ತವೆ. ಈಗ ಎದುರು ನಿಲ್ಲುವುದು ‘ಪುಕ್ಕಲು’ ಸಿಂಹ. ಭಯದಿಂದ ನಡುಗುತ್ತಲೇ ಅದು ತಿರುಗಿ ನಿಂತು ಗರ್ಜಿಸುತ್ತದೆ. ಮರದ ತುದಿಯನ್ನು ಕಡಿದುಬಿಡಲು ಹೇಳುವವನು ಮತ್ತೆ ಬೆದರುಬೊಂಬೆಯೇ. ಕನ್ನಡದಲ್ಲಿ ಏನೂ ತೋಚದೆ ಸುಮ್ಮನೆ ನಿಂತವನನ್ನು ‘ಬೆರ್ಚಪ್ಪನ ಹಾಗೆ ನಿಂತಿದ್ದಾನೆ’ ಎನ್ನುತ್ತೇವೆ. ಈ ಕಥೆಯಲ್ಲಿ ಸುಮ್ಮನೆ ನಿಲ್ಲದವನು ಬೆರ್ಚಪ್ಪನೊಬ್ಬನೇ.

ಇಷ್ಟೆಲ್ಲ ನಡೆದರೂ ‘ನೋಡಿದಿರಾ, ಅವನಿಗೆ ಮಿದುಳು ಮೊದಲೇ ಇತ್ತು’ ಎಂಬ ಒಂದು ವಾಕ್ಯವನ್ನು ನಿರೂಪಕ ಬರೆಯುವುದಿಲ್ಲ. ಈ ಮೌನವೇ ತಂತ್ರ. ನಿರೂಪಕ ಹೇಳಿಬಿಟ್ಟಿದ್ದರೆ ನಿಮ್ಮ ಮಗಳು ಎದ್ದು ಕುಳಿತುಕೊಳ್ಳಲು ಕಾರಣವೇ ಇರುತ್ತಿರಲಿಲ್ಲ. ದಿನವಿಡೀ ‘ನಿನಗೆ ಗೊತ್ತಾಗುವುದಿಲ್ಲ, ಸುಮ್ಮನಿರು’ ಎಂದು ಹೇಳಿಸಿಕೊಳ್ಳುವ ಮಗುವಿಗೆ, ಕಥೆಯೊಳಗಿನ ಎಲ್ಲರಿಗಿಂತ ತನಗೆ ಹೆಚ್ಚು ಗೊತ್ತಿದೆ ಎಂಬ ಅನುಭವ ಸಣ್ಣದಲ್ಲ. ಒಂದೇ ಸಲ ತೋರಿಸಿದ್ದರೆ ಕೆಲವು ಮಕ್ಕಳಿಗೆ ತಪ್ಪಿಹೋಗಬಹುದಿತ್ತು. ಮೂವರಲ್ಲಿ, ಮತ್ತೆ ಮತ್ತೆ, ಬೇರೆ ಬೇರೆ ಪ್ರಸಂಗಗಳಲ್ಲಿ ತೋರಿಸುವುದರಿಂದ ಯಾವ ಮಗುವೂ ಹೊರಗುಳಿಯುವುದಿಲ್ಲ.

ಮರುಓದು

ಹಳೆಯ ಓದುಗರ ಮಾತನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಪುಸ್ತಕದ ಎಲ್ಲ ವ್ಯಂಗ್ಯವೂ ಮಗುವನ್ನು ಎತ್ತರದಲ್ಲಿ ಕೂರಿಸುತ್ತದೆ ಎಂಬ ಧ್ವನಿ ಅದರಲ್ಲಿದ್ದರೆ ಅದಕ್ಕೆ ನನ್ನ ತಕರಾರಿದೆ. ಕೆಲವು ಕಡೆ ಬಾಮ್ ಮಗುವನ್ನೂ ದೊಡ್ಡವರನ್ನೂ ಒಟ್ಟಿಗೆ ಮೋಸಗೊಳಿಸುತ್ತಾರೆ.

ಮಾಂತ್ರಿಕ ಓಝ್ ವಾಸಿಸುವ ಪಚ್ಚೆನಗರದ ಹಸಿರು ಕನ್ನಡಕಗಳೇ ಸಾಕು. ನಗರದ ಕಾಂತಿಗೆ ಕಣ್ಣು ಕುರುಡಾಗದಿರಲೆಂದು ಹೇಳಿ, ದ್ವಾರಪಾಲಕ ಎಲ್ಲರಿಗೂ ಕನ್ನಡಕ ಹಾಕಿ ಬೀಗ ಹಾಕುತ್ತಾನೆ. ಅಲ್ಲಿಂದಾಚೆಗೆ ಅಮೃತಶಿಲೆ ಹಸಿರು, ಕಿಟಕಿಯ ಗಾಜು ಹಸಿರು, ಅಂಗಡಿಯ ಮಿಠಾಯಿ ಹಸಿರು, ಜನರ ಮೈಬಣ್ಣವೂ ಹಸಿರು ಎಂದು ನಿರೂಪಕ ವರ್ಣಿಸುತ್ತ ಹೋಗುತ್ತಾನೆ. ಅಂದರೆ ನಿರೂಪಕನೂ ಕನ್ನಡಕ ಹಾಕಿಕೊಂಡೇ ನಮಗೆ ಕಥೆ ಹೇಳುತ್ತಿದ್ದಾನೆ. ಹನ್ನೆರಡನೆಯ ಅಧ್ಯಾಯದಲ್ಲಿ ನಗರದಿಂದ ಹೊರಬಂದ ಡೊರೊತಿ ನೋಡಿಕೊಂಡರೆ, ಅರಮನೆಯಲ್ಲಿ ಉಟ್ಟಿದ್ದ ಹಸಿರು ರೇಷ್ಮೆಯ ಉಡುಪು ಅಚ್ಚ ಬಿಳಿಯಾಗಿದೆ. ಅವಳಿಗೆ ಆಶ್ಚರ್ಯವಾಗುತ್ತದೆ, ಅಷ್ಟೇ. ಕಥೆ ಮುಂದೆ ಸಾಗುತ್ತದೆ. ಬೇರೆ ಯಾವುದೇ ನಗರಕ್ಕಿಂತ ಇದು ಹೆಚ್ಚು ಹಸಿರೇನಲ್ಲ ಎಂದು ಮಾಂತ್ರಿಕ ಒಪ್ಪಿಕೊಳ್ಳುವುದು ಹದಿನೈದನೆಯ ಅಧ್ಯಾಯದಲ್ಲಿ. ನಾನು ಮೊದಲ ಸಲ ಓದಿದಾಗ ಆ ಬಿಳಿಯ ಉಡುಪಿನ ಸಾಲನ್ನು ದಾಟಿಯೇ ಹೋಗಿದ್ದೆ. ಎರಡನೆಯ ಓದಿನಲ್ಲಿ ಅದು ಕಣ್ಣಿಗೆ ಬಿದ್ದಾಗ ನನ್ನ ಬಗ್ಗೆಯೇ ನಗು ಬಂತು. ಇದು ಮರುಓದಿಗೆ ಮಾತ್ರ ದಕ್ಕುವ ವ್ಯಂಗ್ಯ.

ದೊಡ್ಡವರಿಗೆಂದೇ ಇಟ್ಟಂತೆ ಕಾಣುವ ಇನ್ನೊಂದು ಮಾತುಕತೆ ನಾಲ್ಕನೆಯ ಅಧ್ಯಾಯದಲ್ಲಿದೆ. ಇಷ್ಟು ಚೆಲುವಾದ ನಾಡನ್ನು ಬಿಟ್ಟು, ಒಣಗಿ ಬೂದುಬಣ್ಣಕ್ಕೆ ತಿರುಗಿದ ಕಾನ್ಸಸ್‌ಗೆ ಮರಳಲು ನಿನಗೇಕೆ ಆಸೆ ಎಂದು ಬೆದರುಬೊಂಬೆ ಕೇಳುತ್ತಾನೆ. ನಿನಗೆ ಮಿದುಳಿಲ್ಲ, ಅದಕ್ಕೇ ಅರ್ಥವಾಗುವುದಿಲ್ಲ. ಊರು ಎಷ್ಟೇ ಬರಡಾಗಿದ್ದರೂ ರಕ್ತಮಾಂಸದ ಮನುಷ್ಯರಿಗೆ ತಮ್ಮ ಮನೆಯೇ ಹೆಚ್ಚು ಎಂದು ಡೊರೊತಿ ವಿವರಿಸುತ್ತಾಳೆ. ಅವನು ಒಪ್ಪಿಕೊಳ್ಳುತ್ತಾನೆ. ನಿಮ್ಮ ತಲೆಯಲ್ಲೂ ಹುಲ್ಲು ತುಂಬಿದ್ದರೆ ನೀವೆಲ್ಲ ಚೆಲುವಾದ ಜಾಗಗಳಲ್ಲೇ ವಾಸಿಸುತ್ತಿದ್ದಿರಿ, ಆಗ ಕಾನ್ಸಸ್‌ನಲ್ಲಿ ಜನರೇ ಇರುತ್ತಿರಲಿಲ್ಲ. ನಿಮಗೆ ಮಿದುಳಿರುವುದು ಕಾನ್ಸಸ್‌ನ ಪುಣ್ಯ. ಇದನ್ನು ಹೇಳುವವನ ಮನಸ್ಸಿನಲ್ಲಿ ಎಳ್ಳಷ್ಟೂ ಕುಹಕವಿಲ್ಲ, ಹೇಳಿಸುವವನ ಮನಸ್ಸಿನಲ್ಲಿ ಧಾರಾಳವಾಗಿದೆ. ನಮ್ಮ ಅಲಂಕಾರಶಾಸ್ತ್ರದಲ್ಲಿ ಹೊಗಳಿಕೆಯ ನೆಪದಲ್ಲಿ ತೆಗಳುವುದನ್ನೂ ತೆಗಳಿಕೆಯ ನೆಪದಲ್ಲಿ ಹೊಗಳುವುದನ್ನೂ ವ್ಯಾಜಸ್ತುತಿ ಎನ್ನುತ್ತಾರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಮಕ್ಕಳ ಸಾಹಿತ್ಯದಲ್ಲಿ ನನಗೆ ಸಿಕ್ಕಿಲ್ಲ. ಒಂಬತ್ತರ ಮಗು ಇದನ್ನು ಒಳ್ಳೆಯ ಮಾತೆಂದೇ ಕೇಳಿಸಿಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ.

ಮುನ್ನುಡಿಯ ವಿಷಯಕ್ಕೆ ಬಂದರೆ, ಅದನ್ನು ವ್ಯಂಗ್ಯವೆಂದು ಕರೆಯಲು ನಾನು ಸಿದ್ಧನಿಲ್ಲ. ಲೇಖಕ ಹೇಳಿದ್ದಕ್ಕೂ ಮಾಡಿದ್ದಕ್ಕೂ ತಾಳೆಯಾಗದಿದ್ದರೆ ಅದು ಬರೀ ತಾಳೆಯಾಗದಿರುವಿಕೆ. ಅದರ ಹಿಂದೆ ಉದ್ದೇಶವಿದೆಯೆಂದು ಪಠ್ಯದೊಳಗೆ ಸುಳಿವು ಇರಬೇಕು. ಜೀರುಂಡೆಗಾಗಿ ಅತ್ತವನೇ ನಲವತ್ತು ಸಲ ಕೊಡಲಿ ಎತ್ತಿ ನಲವತ್ತು ತೋಳಗಳನ್ನು ಕೊಂದು ರಾಶಿ ಹಾಕುತ್ತಾನೆ. ಬಾಮ್ ಅದನ್ನು ಎಣಿಕೆಯ ಲಯದಲ್ಲಿ ಹೇಳಿ ಮುಗಿಸುತ್ತಾರೆ. ಸಂಗಡಿಗರನ್ನು ಕಾಪಾಡಿದ ಸಮಾಧಾನವಲ್ಲದೆ ಬೇರೆ ಸುಳಿವು ನನಗೆ ಅಲ್ಲಿ ಕಾಣಲಿಲ್ಲ.

ಪಶ್ಚಿಮದ ದುಷ್ಟ ಮಾಟಗಾತಿಯ ಸಾವಿನಲ್ಲಿ ಮಾತ್ರ ವಿಪರ್ಯಾಸವನ್ನು ಅಳೆದು ತೂಗಿ ಕಟ್ಟಿದ್ದಾರೆ. ಡೊರೊತಿಯ ಬೆಳ್ಳಿಯ ಪಾದರಕ್ಷೆಗಳಿಗೆ ಮಹಾಶಕ್ತಿಯಿದೆಯೆಂದು ಅವಳಿಗೆ ಗೊತ್ತು, ಡೊರೊತಿಗೆ ಗೊತ್ತಿಲ್ಲ. ಆ ಅಜ್ಞಾನವನ್ನು ಕಂಡು ಅವಳು ಒಳಗೊಳಗೇ ನಗುತ್ತಾಳೆ. ಕಣ್ಣಿಗೆ ಕಾಣದ ಕಬ್ಬಿಣದ ಸಲಾಕೆಯನ್ನು ಅಡ್ಡವಿಟ್ಟು ಹುಡುಗಿಯನ್ನು ಎಡವಿಸಿ, ಕಡೆಗೂ ಒಂದು ಪಾದರಕ್ಷೆಯನ್ನು ಕಸಿದುಕೊಳ್ಳುತ್ತಾಳೆ. ಅವಳ ಉಪಾಯ ಫಲಿಸಿತು. ಫಲಿಸಿದ್ದರಿಂದಲೇ ಹುಡುಗಿಗೆ ಸಿಟ್ಟು ಬಂತು, ಸಿಟ್ಟು ಬಂದದ್ದರಿಂದ ಪಕ್ಕದಲ್ಲಿದ್ದ ಬಕೆಟ್ಟಿನ ನೀರು ಮಾಟಗಾತಿಯ ಮೈಮೇಲೆ ಬಿತ್ತು, ನೀರು ಬಿದ್ದದ್ದರಿಂದ ಅವಳು ಕರಗಿಹೋದಳು. ಸೋತಿದ್ದರೆ ಬದುಕುತ್ತಿದ್ದಳು.

ತರ್ಜುಮೆಯ ಮೇಜು

ಓದುತ್ತಲೇ ಕನ್ನಡಕ್ಕೆ ತರುತ್ತಿದ್ದೀರಿ ಎಂದು ಬರೆದಿದ್ದೀರಿ. ಹಾಗಾಗಿ ಮುಂದೆ ಬರುವ ಒಂದು ಜಾಗದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಮಾಂತ್ರಿಕನು ಢೋಂಗಿಯೆಂದು ಬಯಲಾದ ಮೇಲೂ (ನಾಯಿಮರಿ ಟೋಟೊ ಮರೆಯ ಪರದೆಯನ್ನು ಉರುಳಿಸಿ ಬಯಲು ಮಾಡುತ್ತದೆ) ಮೂವರೂ ತಮ್ಮ ಬೇಡಿಕೆಯನ್ನು ಬಿಡುವುದಿಲ್ಲ. ನಿಮಗೆ ಬೇಕಾದದ್ದು ನಿಮ್ಮಲ್ಲೇ ಇದೆ ಎಂದು ಅವನು ನಿಜವನ್ನೇ ಹೇಳುತ್ತಾನೆ. ಅವರಿಗೆ ನಿಜ ಸಾಲುವುದಿಲ್ಲ. ಆಗ ಅವನು ಬೆದರುಬೊಂಬೆಯ ತಲೆಗೆ ತೌಡನ್ನು ಗುಂಡುಸೂಜಿ, ಹೊಲಿಗೆ ಸೂಜಿಗಳೊಂದಿಗೆ ಬೆರೆಸಿ ತುಂಬುತ್ತಾನೆ, ತಗಡಿನ ಮನುಷ್ಯನ ಎದೆಗೆ ಮರದ ಹೊಟ್ಟು ತುಂಬಿದ ರೇಷ್ಮೆಯ ಹೃದಯವನ್ನಿಡುತ್ತಾನೆ, ಸಿಂಹಕ್ಕೆ ಒಂದು ಬಟ್ಟಲಿನಲ್ಲಿ ಏನನ್ನೋ ಕುಡಿಸುತ್ತಾನೆ. ಎಲ್ಲರಿಗೂ ಪರಮಾನಂದವಾಗುತ್ತದೆ. ಅಸಾಧ್ಯವೆಂದು ಎಲ್ಲರಿಗೂ ಗೊತ್ತಿರುವುದನ್ನೇ ಮಾಡು ಎಂದು ಇವರೆಲ್ಲ ಬೆನ್ನುಬಿದ್ದರೆ ನಾನು ಢೋಂಗಿಯಾಗದೆ ಇರುವುದಾದರೂ ಹೇಗೆ ಎಂದು ಅವನು ಆಮೇಲೆ ಒಬ್ಬನೇ ಅಂದುಕೊಳ್ಳುತ್ತಾನೆ. ಮೋಸ ಮಾಡಿದವನು ಯಾರು ಎಂಬ ಪ್ರಶ್ನೆ ಇಲ್ಲಿ ತಲೆಕೆಳಗಾಗುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಪುಸ್ತಕದ ಅತ್ಯಂತ ಹರಿತವಾದ ಜಾಗ ಇದು.

ತೊಂದರೆ ಇರುವುದು ಆ ತೌಡಿನಲ್ಲಿ. ಇಂಗ್ಲಿಷಿನಲ್ಲಿ ತೌಡಿಗೆ ‘ಬ್ರಾನ್’. ಹೊಚ್ಚಹೊಸದು ಎಂಬುದಕ್ಕೆ ‘ಬ್ರ್ಯಾಂಡ್ ನ್ಯೂ’. ಬಾಮ್ ಎರಡನ್ನೂ ಕೂಡಿಸಿ ‘ಬ್ರಾನ್ ನ್ಯೂ’ ಮಿದುಳು ಎಂದು ಶ್ಲೇಷೆ ಮಾಡಿದ್ದಾರೆ. ಕನ್ನಡದಲ್ಲಿ ಆ ಶ್ಲೇಷೆ ಸತ್ತುಹೋಗುತ್ತದೆ. ಅದನ್ನು ಎಳೆದಾಡಿ ಬದುಕಿಸಲು ಹೋಗಬೇಡಿ, ಏಕೆಂದರೆ ಕನ್ನಡ ಬೇರೆಯದನ್ನು ಪುಕ್ಕಟೆಯಾಗಿ ಕೊಡುತ್ತದೆ. ಪ್ರಯೋಜನವಿಲ್ಲದ ಮಾತನ್ನೇ ಮತ್ತೆ ಮತ್ತೆ ಆಡುವುದನ್ನು ನಾವು ತೌಡು ಕುಟ್ಟುವುದು ಎನ್ನುತ್ತೇವೆ. ತಲೆತುಂಬ ತೌಡು ತುಂಬಿಸಿಕೊಂಡು ‘ನಾನೀಗ ಜ್ಞಾನಿ’ ಎಂದು ಹೊರಡುವವನ ಚಿತ್ರ ಕನ್ನಡದ ಕಿವಿಗೆ ಮೂಲಕ್ಕಿಂತ ಒಂದು ಕೈ ಮೇಲಾಗಿಯೇ ಕೇಳಿಸುತ್ತದೆ. ತಲೆಯಿಂದ ಹೊರಚಾಚಿದ ಸೂಜಿಗಳನ್ನು ಕಂಡು, ಅವನ ಬುದ್ಧಿ ಚೂಪಾಗಿದೆ ಎಂಬುದಕ್ಕೆ ಇವೇ ಸಾಕ್ಷಿ ಎಂದು ಸಿಂಹ ಹೇಳುವ ಮಾತು ಹೆಚ್ಚಿನ ಶ್ರಮವಿಲ್ಲದೆ ದಾಟಿಬರುತ್ತದೆ.

1939ರ ಚಲನಚಿತ್ರವನ್ನು ಮಗಳಿಗೆ ಆಮೇಲೆ ತೋರಿಸುವುದಾದರೆ ಈ ಪ್ರಸಂಗವನ್ನು ಹೋಲಿಸಿ ನೋಡಿ. ಅಲ್ಲಿ ಮಿದುಳಿನ ಬದಲು ಪದವಿಪತ್ರ, ಧೈರ್ಯದ ಬದಲು ಪದಕ, ಹೃದಯದ ಬದಲು ಹೃದಯದಾಕಾರದ ಗಡಿಯಾರ. ದೊಡ್ಡವರು ಜೋರಾಗಿ ನಗುತ್ತಾರೆ, ಏಕೆಂದರೆ ಅದು ಪದವಿ ಹಂಚುವ ಸಂಸ್ಥೆಗಳ ಮೇಲಿನ ನೇರ ವಿಡಂಬನೆ. ಸೂಜಿ, ತೌಡುಗಳ ಮೌನ ಅಲ್ಲಿಲ್ಲ.

ಅಂಚಿನ ಟಿಪ್ಪಣಿ

ಎಲ್ಲರಿಗೂ ಧನ್ಯವಾದಗಳು. ಪುಸ್ತಕ ನಿನ್ನೆ ಮುಗಿಯಿತು. ತೌಡನ್ನು ತೌಡಾಗಿಯೇ ಉಳಿಸಿದೆ.

ಕೊನೆಯ ವ್ಯಂಗ್ಯಕ್ಕೆ ಮಗಳು ನಗಲಿಲ್ಲ, ಸಿಟ್ಟಾದಳು. ಪಾದರಕ್ಷೆಗಳ ಗುಟ್ಟು ಗೊತ್ತಿದ್ದಿದ್ದರೆ ಬಂದ ಮೊದಲ ದಿನವೇ ನೀನು ಮನೆಗೆ ಹೋಗಬಹುದಿತ್ತು ಎಂದು ದಕ್ಷಿಣದ ಒಳ್ಳೆಯ ಮಾಟಗಾತಿ ಗ್ಲಿಂಡಾ ಹೇಳಿದಾಗ, “ಮೊದಲೇ ಯಾಕೆ ಹೇಳಲಿಲ್ಲ?” ಎಂದು ಪುಸ್ತಕವನ್ನೇ ನನ್ನ ಕೈಯಿಂದ ಕಿತ್ತುಕೊಂಡಳು. ಹಿಂದಕ್ಕೆ ತಿರುಗಿಸಿ ನೋಡಿದೆವು. ಎರಡನೆಯ ಅಧ್ಯಾಯದಲ್ಲಿ ಪಾದರಕ್ಷೆಗಳನ್ನು ಕೊಡುವವಳು ಉತ್ತರದ ಮುದುಕಿ, ಗ್ಲಿಂಡಾ ಅಲ್ಲ. ಅವುಗಳಲ್ಲಿ ಏನೋ ಮಂತ್ರಶಕ್ತಿ ಇದೆ, ಏನೆಂದು ನಮಗೆ ತಿಳಿಯದು ಎಂದು ಪಕ್ಕದಲ್ಲಿದ್ದವನೊಬ್ಬ ಹೇಳುವ ಮಾತೂ ಅಲ್ಲಿಯೇ ಇದೆ. ಯಾರೂ ಮುಚ್ಚಿಟ್ಟಿಲ್ಲ, ಗೊತ್ತಿದ್ದವರು ಹತ್ತಿರ ಇರಲಿಲ್ಲ ಎಂದ ಮೇಲೆ ಸಿಟ್ಟು ಇಳಿಯಿತು.

ಆದರೆ ಅವಳು ಇನ್ನೊಂದು ಪ್ರಶ್ನೆ ಕೇಳಿದ್ದಾಳೆ, ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತಗಡಿನ ಮನುಷ್ಯ ಹೃದಯವನ್ನು ಬಯಸಿದ್ದೇ ತಾನು ಪ್ರೀತಿಸಿದ್ದ ಹುಡುಗಿಯ ಬಳಿಗೆ ಮರಳಿ ಅವಳನ್ನು ಮದುವೆಯಾಗಲು. ಹೃದಯ ಸಿಕ್ಕಿತು, ಅವನು ಪಶ್ಚಿಮದ ನಾಡಿಗೆ ದೊರೆಯಾಗಿ ಹೊರಟುಹೋದ. “ಹಾಗಾದರೆ ಆ ಹುಡುಗಿ?”

ಹಳೆಯ ಓದುಗ

ನಿಮ್ಮ ಮಗಳು ಕೇಳಿದ್ದು ಇಡೀ ಪುಸ್ತಕದಲ್ಲಿ ಎಲ್ಲರೂ ಮರೆತದ್ದನ್ನು. ಹೃದಯವಿಲ್ಲವೆಂದು ಕೊರಗುತ್ತಿದ್ದಾಗ ಹುಡುಗಿ ನೆನಪಿನಲ್ಲಿದ್ದಳು, ಹೃದಯ ಬಂದ ಮೇಲೆ ನೆನಪು ಹೋಯಿತು. 1900ರಲ್ಲಿ ಇದನ್ನು ಬಾಮ್ ಗಮನಿಸಿದ್ದರೋ ಇಲ್ಲವೋ, 1918ರಲ್ಲಿ ಪ್ರಕಟಿಸಿದ ‘ದಿ ಟಿನ್ ವುಡ್‌ಮನ್ ಆಫ್ ಓಝ್’ ಎಂಬ ಪುಸ್ತಕದ ಕಥೆಯನ್ನು ಪೂರ್ತಿಯಾಗಿ ಅದರ ಮೇಲೆಯೇ ನಿಲ್ಲಿಸಿದ್ದಾರೆ. ಅಲೆಮಾರಿ ಹುಡುಗನೊಬ್ಬ ಅರಮನೆಗೆ ಬಂದು ಸರಿಸುಮಾರು ನಿಮ್ಮ ಮಗಳ ಪ್ರಶ್ನೆಯನ್ನೇ ಕೇಳುತ್ತಾನೆ. ಮಾಂತ್ರಿಕ ಕೊಟ್ಟದ್ದು ಕರುಣೆಯ ಹೃದಯವೇ ಹೊರತು ಪ್ರೇಮದ ಹೃದಯವಲ್ಲ ಎಂದು ತಗಡಿನ ಮನುಷ್ಯ ಸಮಜಾಯಿಷಿ ಕೊಡುತ್ತಾನೆ. ಆದರೂ ಕೊಟ್ಟ ಮಾತಿಗಾಗಿ ಅವಳನ್ನು ಹುಡುಕಿಕೊಂಡು ಹೊರಡುತ್ತಾನೆ.

ಅವನು ಮೊದಲು ರಕ್ತಮಾಂಸದ ಮನುಷ್ಯನೇ ಆಗಿದ್ದವನು. ದಾರಿಯಲ್ಲಿ, ಕಳೆದುಹೋದ ಅಂಗಗಳ ಬದಲು ತನಗೆ ತಗಡಿನ ಅಂಗಗಳನ್ನು ಮಾಡಿಕೊಟ್ಟ ಕಮ್ಮಾರನ ಮನೆಯ ಕಪಾಟನ್ನು ತೆರೆದಾಗ ಒಳಗೆ ಅವನ ಹಳೆಯ ತಲೆಯೇ ಕುಳಿತಿರುತ್ತದೆ. ಇವನು ಆದರದಿಂದ ಮಾತನಾಡಿಸಿದರೆ ಅದು ಸಿಡುಕುತ್ತದೆ, ಇವನ ಬಗ್ಗೆ ಅದಕ್ಕೆ ಯಾವ ಆಸಕ್ತಿಯೂ ಇಲ್ಲ. ಹುಡುಗಿ ಕೊನೆಗೆ ಸಿಗುತ್ತಾಳೆ. ಅವಳಿಗೆ ಮದುವೆಯಾಗಿದೆ. ಗಂಡನನ್ನು ಅದೇ ಕಮ್ಮಾರ ಜೋಡಿಸಿದ್ದು, ಇವನೂ ಅವಳನ್ನು ಪ್ರೀತಿಸಿದ್ದ ಒಬ್ಬ ಸಿಪಾಯಿಯೂ ಕಳೆದುಕೊಂಡಿದ್ದ ಅಂಗಗಳಿಂದ. ಈ ಸಂಸಾರಕ್ಕೆ ತಾನು ಹೊಂದಿಕೊಂಡಿದ್ದೇನೆ, ನೀವು ದಯವಿಟ್ಟು ಹೊರಡಿ ಎಂದು ಅವಳು ಕಳುಹಿಸಿಬಿಡುತ್ತಾಳೆ.

ಮಗಳಿಗೆ ಹೇಳುವ ಮೊದಲು ಕಪಾಟಿನ ಪ್ರಸಂಗವನ್ನು ನೀವೊಮ್ಮೆ ಓದಿಕೊಳ್ಳಿ. ದುಃಸ್ವಪ್ನಗಳನ್ನು ಬಿಟ್ಟಿದ್ದೇನೆ ಎಂಬ ಭರವಸೆ ಮೊದಲ ಪುಸ್ತಕದ ಮುನ್ನುಡಿಯಲ್ಲಿ ಇದ್ದದ್ದು.